ಹುಡುಗ್ರಿಗೆ ಹ್ಯಾಮ್‌ಸ್ಟರ್ ತರೋದಿದ್ರ ಮೊದ್ಲ ಮನಿ ನೋಡ್ರಿ, ಆಮ್ಯಾಲ ಅಂಗಡಿ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಈಗ ನಾಯಿಮರಿ, ಬೆಕ್ಕಿನಮರಿ, ಲವ್ ಬರ್ಡ್ಸ್ ಜೋಡಿ ಹ್ಯಾಮ್‌ಸ್ಟರ್ ಅನ್ನೋ ಅಂಗೈಯಷ್ಟು ಇಲಿ ಜಾತಿ ಪ್ರಾಣಿನೂ ಪೆಟ್ ಶಾಪ್‌ನ್ಯಾಗ ಕಾಣಾಕತ್ತಾವ. ಹುಡುಗ್ರು ರೀಲ್ಸ್ ನೋಡಿ "ಅಪ್ಪಾ ನಂಗೊಂದ್ ಬೇಕ" ಅಂತ ಹಟ ಹಿಡೀತಾವ, ಮನ್ಯಾಗಿನವ್ರು ಬರ್ತ್‌ಡೇ ದಿನ ಅಂಗಡಿಗೆ ಹೋಗಿ ಒಂದ್ ಪ್ರಾಣಿ, ಒಂದ್ ಸಣ್ಣ ಬಣ್ಣಬಣ್ಣದ ಪಂಜರ, ಒಂದ್ ಪಾಕೀಟ್ ಕಾಳು ಅಂತ ಸೆಟ್ಟೇ ತಗೊಂಡ್ ಬಂದ್ಬಿಡ್ತಾರ. ಆ ಸೆಟ್‌ನ್ಯಾಗ ಪಂಜರ ಸಣ್ಣದು, ಅದು ಓಡೋ ಚಕ್ರ ಸಣ್ಣದು, ಕಾಳು ಬರೇ ಸೂರ್ಯಕಾಂತಿ, ಮತ್ತ ಪ್ರಾಣಿ ಯಾವ ಜಾತಿದು, ಗಂಡೋ ಹೆಣ್ಣೋ ಯಾರಿಗೂ ಗೊತ್ತಿರಂಗಿಲ್ಲ. ಅದಕ್ಕ ನಾ ಕೇಳಿದವ್ರಿಗೆಲ್ಲಾ ಒಂದ ಮಾತು ಹೇಳ್ತೀನಿ, ಪ್ರಾಣಿ ಕೊನೀಗೆ ತರ್ರಿ. ಹುಡುಗ ಅಥವಾ ಹುಡುಗಿ ಎಂಥಾವ್ರು, ಮನ್ಯಾಗ ತಂಪ್ ಖೋಲಿ ಐತೋ ಇಲ್ಲೋ, ಗೂಡು ಎಷ್ಟ್ ದೊಡ್ಡದು ಮಾಡಾಕ ಆಕ್ಕೈತಿ, ಜಡ್ಡು ಬಂದ್ರ ನೋಡೋ ಡಾಕ್ಟರ್ ಯಾರು, ಇಷ್ಟು ಗಟ್ಟಿ ಮಾಡ್ಕೊಂಡ ಮ್ಯಾಲ ಅಂಗಡಿ ಮೆಟ್ಲ ಹತ್ರಿ.

ಮೊದ್ಲ ಹುಡುಗ್ರ ವಿಚಾರ. 7-8 ವರ್ಷದೊಳಗಿನ ಕೂಸುಗಳಿಗೆ ಹ್ಯಾಮ್‌ಸ್ಟರ್ ಬ್ಯಾಡ ಅಂತನ ನನ್ನ ಖಡಕ್ ಅಭಿಪ್ರಾಯ. ಕೂಸು ಪ್ರೀತಿಲೆ ಹಿಸುಕತೈತಿ, ಹ್ಯಾಮ್‌ಸ್ಟರ್ ಅಂಜಿ ಕಚ್ಚತೈತಿ, ಕೂಸು ಕೈ ಝಾಡಿಸತೈತಿ, ಪ್ರಾಣಿ ಫರ್ಶಿ ಮ್ಯಾಲ ಬಿದ್ದು ಸೊಂಟ ಮುರಕೊಂತೈತಿ, ಇದು ಒಂದ್ ಸೆಕೆಂಡಿನ ಆಟ. ಹ್ಯಾಮ್‌ಸ್ಟರ್‌ಗೆ ಕಣ್ಣು ಭಾಳ ಮಂದ, ಎತ್ತರ ತಿಳಿಯಂಗಿಲ್ಲ, ಕೈ ಮ್ಯಾಲ ಇದ್ದದ್ದು ಹಂಗ ಮುಂದ ನಡಕೊಂತ ಹೋಗಿ ಕೆಳಗ ಬೀಳತೈತಿ. 10-12 ದಾಟಿದವ್ರಿಗೆ ದೊಡ್ಡವ್ರು ಬಾಜೂಕ ಇದ್ರ ನಡೀತೈತಿ, 13-16ರ ಹುಡುಗ್ರಿಗೆ ಚಲೋ ಹೊಂದತೈತಿ, ಯಾಕಂದ್ರ ಇದು ರಾತ್ರಿ ಪ್ರಾಣಿ. ಹಗಲೆಲ್ಲಾ ಮಲಗಿ ಸಂಜಿ 7-8ರ ಮ್ಯಾಲ ಎದ್ದು ಬೆಳಗಿನ ತನಕ ಓಡಾಡತೈತಿ. ಶಾಲಿ, ಟ್ಯೂಷನ್ ಮುಗಿಸ್ಕೊಂಡು ಎಂಟಕ್ಕ ಮನಿಗೆ ಬರೋ ಹೈಸ್ಕೂಲ್ ಹುಡುಗಿಗೆ ಇದರ ಟೈಮ್ ಸರಿಯಾಗಿ ಕೂಡಿ ಬರ್ತೈತಿ, ಮಧ್ಯಾಹ್ನ ಶಾಲಿಯಿಂದ ಬಂದ್ ಕೂಡ್ಲೆ ಆಡಬೇಕು ಅನ್ನೋ ಮೂರನೇತ್ತೆ ಹುಡುಗಗ ಬರಂಗಿಲ್ಲ. ಅವಾ ಮಲಗಿದ್ದನ್ನ ಎಬ್ಬಸ್ತಾನ, ಅದು ಕಚ್ಚತೈತಿ, ಆಮ್ಯಾಲ ಎಲ್ಲಾರೂ "ಇದು ಕಚ್ಚೋ ಪ್ರಾಣಿ" ಅಂತ ಅದಕ್ಕ ಹೆಸರಿಡ್ತಾರ, ಪಾಪ ಅದರ ತಪ್ಪೇನೂ ಇರಂಗಿಲ್ಲ.

ಹಗಲ್ಹೊತ್ತು ತೊಡಿ ಮ್ಯಾಲ ಕುಂದರಿಸ್ಕೊಳ್ಳೋ ಪ್ರಾಣಿನ ಬೇಕು ಅಂತ ಮಕ್ಕಳ ಆಸೆ ಇದ್ರ ಗಿನಿ ಪಿಗ್ ನೋಡ್ರಿ, ಅವು ಹಗಲೂ ಎಚ್ಚರ ಇರ್ತಾವ, ಕಚ್ಚೋದು ಕಡಿಮಿ. ಆದ್ರ ಅವನ್ನ ಒಂಟಿ ಇಡಬಾರದು, ಎರಡ್ ಬೇಕು, ದಿನಾ ವಿಟಮಿನ್ ಸಿ ಇರೋ ತಿನಿಸು ಬೇಕು, ಜಾಗಾನೂ ಜಾಸ್ತಿ ಬೇಕು. ಮನ್ಯಾಗ ಐದ್ ವರ್ಷದೊಳಗಿನ ಕೂಸು ಅಥವಾ ಬಸುರಿ ಹೆಣ್ಮಗಳು ಇದ್ರ ಸದ್ಯಕ್ಕ ಯಾವ ಇಲಿ ಜಾತಿ ಪ್ರಾಣಿನೂ ತರಬ್ಯಾಡ್ರಿ, ಸಾಲ್ಮೊನೆಲ್ಲಾ ಅನ್ನೋ ಭೇದಿ ಹಚ್ಚೋ ಬ್ಯಾಕ್ಟೀರಿಯಾ ಮತ್ತ ಎಲ್‌ಸಿಎಮ್‌ವಿ ಅನ್ನೋ ವೈರಸ್ ಈ ಪ್ರಾಣಿಗಳಿಂದ ಬರೋ ಸಾಧ್ಯತಾ ಐತಿ, ಬಸುರಿ ಹೆಣ್ಮಕ್ಕಳಿಗೆ ಆ ವೈರಸ್ ಭಾಳ ಕೆಟ್ಟದ್ದು. ಉಳದವ್ರೂ ಮುಟ್ಟೋಕ್ಕಿಂತ ಮೊದ್ಲ ಒಮ್ಮೆ, ಮುಟ್ಟಿದ ಮ್ಯಾಲ ಒಮ್ಮೆ ಸಾಬೂನ್ ಹಚ್ಚಿ ಕೈ ತೊಳೀಬೇಕು. ಮೊದ್ಲ ತೊಳಿಯೋದು ಯಾಕಂದ್ರ ಕೈಗೆ ತಿಂಡಿ ವಾಸನಿ ಇದ್ರ ಅದು ಬೆರಳನ್ನ ತಿನ್ನೋದು ಅಂತ ತಿಳಕೊಂಡು ಹಲ್ಲು ಹಚ್ಚತೈತಿ.

ಧಾರವಾಡದ ಸಪ್ತಾಪುರ ಕಡೆ ರೂಮ್ ಮಾಡ್ಕೊಂಡು ಓದೋ ಹುಡುಗ್ರು, ಪಿಜಿ ಹಾಸ್ಟೆಲ್‌ನ್ಯಾಗ ಇರೋವ್ರು, ದಯಮಾಡಿ ಬ್ಯಾಡ. ಹಬ್ಬಕ್ಕ ಊರಿಗೆ ಹೋದ್ರಿ ಅಂದ್ರ ನೋಡೋರ್ ಯಾರು, ಅದರ ಮ್ಯಾಲ ರಾತ್ರಿಯೆಲ್ಲಾ ಚಕ್ರ ತಿರುಗೋ ಸಪ್ಪಳಕ್ಕ ರೂಮ್‌ಮೇಟ್ ನಿದ್ದಿ ಹಾಳು.

ಇನ್ನ ಆಯುಷ್ಯದ ಮಾತು. ಇದನ್ನ ಮಕ್ಕಳಿಗೆ ಮೊದ್ಲ ಕುಂದರಿಸಿ ಹೇಳಬೇಕು. ಹ್ಯಾಮ್‌ಸ್ಟರ್ ಬದುಕೋದು ಎರಡು ವರ್ಷ, ಚಲೋ ನೋಡ್ಕೊಂಡ್ರ ಎರಡೂವರಿ, ಅಪರೂಪಕ್ಕ ಮೂರು. ಎಂಟನೇತ್ತ್ಯಾಗ ತಂದ್ರ ಎಸ್ಸೆಸ್ಸೆಲ್ಸಿ ಹೊತ್ತಿಗೆ ಅದು ಮುಪ್ಪಾಗಿರ್ತೈತಿ, ಪರೀಕ್ಷಾ ತಿಂಗಳದಾಗ ಹೋಗಿಬಿಡಬಹುದು. ಹಂಗಂತ ತರಬ್ಯಾಡ್ರಿ ಅಂತ ಅಲ್ಲ, ಆ ಲೆಕ್ಕ ಹುಡುಗ್ರಿಗೆ ಗೊತ್ತಿರ್ಲಿ ಅಂತ. ನನಗ ಕೇಳಿದ್ರ ಏಳನೇತ್ತ್ಯಾಗ ಇರೋವ್ರು ಅಥವಾ ಹತ್ತನೇತ್ತೆ ದಾಟಿದವ್ರು ತರೋದು ಚಲೋ. ಯಾವ ತಿಂಗಳ ಅಂದ್ರ, ಪರೀಕ್ಷಾ ಮುಗೀತು ಅಂತ ಏಪ್ರಿಲ್‌ನ್ಯಾಗ ಬಹುಮಾನ ಕೊಡೋ ರೂಢಿ ಐತಲ್ಲ, ಅದೊಂದ್ ಮಾಡಬ್ಯಾಡ್ರಿ. ಮಳಿಗಾಲ ಶುರು ಆದಮ್ಯಾಲ, ಜುಲೈಯಿಂದ ಮುಂದ, ದಸರಾ ಸೂಟಿ ತನಕ ಯಾವಾಗ ಬೇಕಾದ್ರೂ ತರ್ರಿ. ಮೊದಲ ಬ್ಯಾಸಗಿ ಬರೋದ್ರೊಳಗ ಪ್ರಾಣಿಗೆ ಮನಿ ರೂಢಿ ಆಗಿರ್ತೈತಿ, ನಿಮಗ ಪ್ರಾಣಿ ರೂಢಿ ಆಗಿರ್ತೈತಿ.

ಬ್ಯಾಸಗಿ ಅಂದೆ ನೋಡ್ರಿ, ನಮ್ಮ ಕಡೆ ಹ್ಯಾಮ್‌ಸ್ಟರ್‌ಗೆ ದೊಡ್ಡ ವೈರಿ ಅದ. ಇದಕ್ಕ ಹಿತ ಆಗೋದು 20ರಿಂದ 24 ಡಿಗ್ರಿ. 30 ದಾಟಿದ್ರ ತ್ರಾಸ್ ಶುರು, ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಒಳಗ ಏಪ್ರಿಲ್-ಮೇದಾಗ ಮಧ್ಯಾಹ್ನ 36-38 ಅನ್ನೋದು ಹೊಸದೇನಲ್ಲ. ಇದು ಬೆವರೋ ಪ್ರಾಣಿ ಅಲ್ಲ, ನಾಯಿ ಹಂಗ ತೇಕಿ ಮೈ ತಂಪ್ ಮಾಡ್ಕೊಳ್ಳಾಕೂ ಬರಂಗಿಲ್ಲ. ಕೆಲವ್ರು "ಸಿರಿಯಾದ ಪ್ರಾಣಿರಿ, ಮರುಭೂಮಿದು, ಸೆಕಿ ತಡಕೊಂತೈತಿ" ಅಂತ ಹೇಳಿ ಕೊಡ್ತಾರ. ಸಿರಿಯಾದ್ದು ಅನ್ನೋದು ಖರೆ, ಸೆಕಿ ತಡಕೊಂತೈತಿ ಅನ್ನೋದು ಸುಳ್ಳು. 1930ರಾಗ ಇಸ್ರೇಲ್ ಅಹರೋನಿ ಅನ್ನೋ ಪ್ರಾಣಿಶಾಸ್ತ್ರಜ್ಞ ಅಲೆಪ್ಪೊ ಹತ್ರ ಒಂದ್ ಗೋಧಿ ಹೊಲ ಅಗಿಸಿ ಒಂದ್ ತಾಯಿ, 11 ಮರಿ ಹಿಡದ್ರು, ಇವತ್ತ್ ಜಗತ್ತಿನಾಗ ಸಾಕೋ ಸಿರಿಯನ್ ಹ್ಯಾಮ್‌ಸ್ಟರ್ ಹೆಚ್ಚುಕಡಿಮಿ ಎಲ್ಲಾ ಆ ಮರಿಗಳ ಸಂತಾನ. ಆ ಗೂಡು ಸಿಕ್ಕಿದ್ದು ಎಂಟ್ ಫೂಟ್ ಕೆಳಗ. ಅಂದ್ರ ಮ್ಯಾಲ ಬಿಸಲು ಸುಡೋ ಹೊತ್ತಿನಾಗ ಇದು ನೆಲದೊಳಗ ತಂಪಿನ್ಯಾಗ ಮಲಗಿರ್ತೈತಿ, ರಾತ್ರಿ ತಂಪಾದ ಮ್ಯಾಲ ಹೊರಗ ಬರ್ತೈತಿ. ನಾವು ಅದನ್ನ ಪತ್ರಾ ಮನ್ಯಾಗ, ಇಲ್ಲಾ ಮ್ಯಾಲಿನ ಮಜಲಿನ ಸ್ಲ್ಯಾಬ್ ಕೆಳಗ, ಎರಡ್ ಬೊಟ್ಟು ಹೊಟ್ಟು ಹಾಕಿದ ಪಂಜರದಾಗ ಇಟ್ಟು ತಡಕೋ ಅಂದ್ರ ಹೆಂಗ ತಡಕೊಂತೈತಿ?

ಅದಕ್ಕ ಪ್ರಾಣಿ ತರೋ ಮೊದ್ಲ ಒಂದ್ ಸಣ್ಣ ಥರ್ಮಾಮೀಟರ್ ತಂದು ಮನ್ಯಾಗಿನ ಎಲ್ಲಾ ಖೋಲಿ ಒಳಗ ಮಧ್ಯಾಹ್ನ ಮೂರರ ಸುಮಾರಿಗೆ ಇಟ್ಟು ನೋಡ್ರಿ. ಹಳೇ ಮನಿ ಇದ್ದವ್ರಿಗೆ ಪಡಸಾಲಿ ಹಿಂದಿನ ಕತ್ತಲ ಖೋಲಿ, ಮಣ್ಣಿನ ಗ್ವಾಡಿ ಇರೋದು, ಎಲ್ಲಾಕ್ಕಿಂತ ತಂಪ್ ಇರ್ತೈತಿ, ಹೊಸಾ ಮನ್ಯಾಗ ಕೆಳಗಿನ ಮಜಲಿನ ಉತ್ತರ ದಿಕ್ಕಿನ ಖೋಲಿ ನೋಡ್ರಿ. ಕಿಟಕಿ ಬಿಸಲು ಬೀಳೋ ಕಡೆ ಬ್ಯಾಡ, ಟಿವಿ ಬಾಜೂಕ ಬ್ಯಾಡ, ಅಡಗಿಮನಿ ಹತ್ರ ಅಂತೂ ಬ್ಯಾಡೇ ಬ್ಯಾಡ. ಬ್ಯಾಡಗಿ ಮೆಣಸಿನಕಾಯಿ ಹುರದಾಗ ನಮಗ ಸೀನ ತಡಿಯಾಕಾಗಂಗಿಲ್ಲ, ಅಂಗೈಯಷ್ಟು ಪ್ರಾಣಿ ಪುಪ್ಪಸಕ್ಕ ಆ ಘಾಟು ಏನ್ ಮಾಡೀತು ವಿಚಾರ ಮಾಡ್ರಿ. ಊದಿನಕಡ್ಡಿ, ಸೊಳ್ಳಿ ಕಾಯಿಲ್, ಜಿರಳಿ ಸ್ಪ್ರೇ ಇವೂ ಆ ಖೋಲಿ ಒಳಗ ಬ್ಯಾಡ.

ಬ್ಯಾಸಗಿಗೆ ಕರೆಂಟ್ ನಂಬಿ ಕೂಡಬ್ಯಾಡ್ರಿ, ಕರೆಂಟ್ ಹೋದ್ರೂ ನಡಿಯೋ ವ್ಯವಸ್ಥಾ ನಮ್ಮ ಕಡೆ ಸೋವಿ ಸಿಗತೈತಿ. ಶಹಾಬಾದ ಫರ್ಶಿ ಇಲ್ಲಾ ಕಡಪಾ ಕಲ್ಲಿನ ಒಡದ ತುಂಡು ಕಲ್ಲಿನ ಅಡ್ಡಾದಾಗ ಸಿಗತಾವ, ಅಂಚು ಉಜ್ಜಿ ನುಣುಪು ಮಾಡಿ ತೊಳದು ಗೂಡಿನ್ಯಾಗ ಇಡ್ರಿ, ಅದು ಬಂದು ಹೊಟ್ಟಿ ಹಚ್ಚಿ ಅದರ ಮ್ಯಾಲ ಮಲಗತೈತಿ. ಕುಂಬಾರರ ಕಡೆ ಬಣ್ಣ ಇಲ್ಲದ ಸಣ್ಣ ಗಡಿಗಿ ತಂದು ಅಡ್ಡ ಹಾಕಿ ಹೊಟ್ಟಿನ್ಯಾಗ ಅರ್ಧ ಹುಗಿದಿಟ್ರ ಅದರಷ್ಟು ಚಲೋ ಬ್ಯಾಸಗಿ ಮನಿ ಇನ್ನೊಂದಿಲ್ಲ. ಫ್ರಿಜ್‌ನ್ಯಾಗ ಗಟ್ಟಿ ಮಾಡಿದ ನೀರಿನ ಬಾಟಲಿ ಟಾವೆಲ್‌ದಾಗ ಸುತ್ತಿ ಗೂಡಿನ ಹೊರಗ ಬಾಜೂಕ ಇಡ್ರಿ. ಫ್ಯಾನ್ ಗಾಳಿ ನೆಟ್ಟಗ ಅದರ ಮೈಮ್ಯಾಲ ಬ್ಯಾಡ. ಇಷ್ಟಾದ್ರೂ ಒಂದ್ ದಿನ ಅದು ಚಪ್ಪಟಿ ಬಿದ್ದು ಜೋರ ಉಸಿರಾಡಾಕತ್ತೈತಿ, ಬಾಯಿ ತೋದೈತಿ, ಮುಟ್ಟಿದ್ರೂ ಏಳವಲ್ದು ಅಂದ್ರ ಅದು ಸೆಕಿ ಹೊಡದದ್ದು. ತಂಪ್ ಜಾಗಕ್ಕ ಒಯ್ದು, ಹಸಿ ಅರಬಿಲೆ ಮೈ ಒರಿಸಿ, ತುಟಿಗೆ ಎರಡ್ ಹನಿ ನೀರ್ ಹಚ್ಚಿ ಡಾಕ್ಟರ್ ಕಡೆ ಓಡ್ರಿ. ಐಸ್ ನೀರಿನ್ಯಾಗ ಅದ್ದಬ್ಯಾಡ್ರಿ. ಸುಮ್ನ ಜಳಕಾನೂ ಇದಕ್ಕ ಎಂದೂ ಮಾಡಸಬ್ಯಾಡ್ರಿ, ಮೈ ತೊಯ್ದ್ರ ಜಡ್ಡು ಬೀಳತೈತಿ. ಸ್ವಚ್ಛ ಆಗಾಕ ಒಂದ್ ಬಟ್ಲದಾಗ ಧೂಳಿಲ್ಲದ ಒಣ ಉಸುಕು ಇಟ್ರ ತಾನ ಹೊಳ್ಳಾಡಿ ಸ್ವಚ್ಛ ಆಕ್ಕೈತಿ.

ಈಗ ಗೂಡು. ಅಂಗಡ್ಯಾಗ ಸಿಗೋ ಎರಡು ಮಜಲಿನ, ಪೈಪ್ ಪೈಪ್ ಇರೋ ಪಂಜರ ನೋಡಾಕ ಚಂದ, ಇರಾಕ ಚಂದ ಅಲ್ಲ. ಕಡಿಮಿ ಅಂದ್ರ 100 ಸೆಂಟಿಮೀಟರ್ ಉದ್ದ, 50 ಅಗಲ ಇರಬೇಕು, ಅಂದ್ರ ಹತ್ರ ಹತ್ರ ಮೂರೂಕಾಲು ಫೂಟ್ ಉದ್ದ, ಒಂದೂಮುಕ್ಕಾಲು ಫೂಟ್ ಅಗಲ, ಒಂದ ಮಜಲು. ಅಷ್ಟು ದೊಡ್ಡದು ರೆಡಿ ಸಿಗೋದು ಕಷ್ಟ, ಸಿಕ್ರೂ ತುಟ್ಟಿ. ಬಡಿಗ್ಯಾರಿಗೆ ಹೇಳಿ ಪ್ಲೈವುಡ್ ಪೆಟ್ಟಿಗಿ ಮಾಡಸ್ರಿ, ಮುಂದ ಕಾಜು ಅಥವಾ ಅಕ್ರಿಲಿಕ್, ಮ್ಯಾಲ ಪೂರಾ ಕಬ್ಬಿಣದ ಜಾಳಗಿ, ಒಳಗ ಪೇಂಟ್ ವಾರ್ನಿಶ್ ಏನೂ ಬ್ಯಾಡ. ಮನ್ಯಾಗ ಹಳೇ ದೊಡ್ಡ ಅಕ್ವೇರಿಯಮ್ ಬಿದ್ದಿದ್ರ ಅದೂ ನಡೀತೈತಿ, ಆದ್ರ ಗಾಳಿ ಆಡೋದು ಮ್ಯಾಲಿಂದಷ್ಟ, ಬ್ಯಾಸಗ್ಯಾಗ ಜ್ವಾಕಿ. ಜಾಳಗಿ ಕಿಂಡಿ ಸಣ್ಣ ಜಾತಿಗೆ ಅರ್ಧ ಸೆಂಟಿಮೀಟರ್ ಆಸುಪಾಸಿರಬೇಕು, ಒಂದ್ ಸೆಂಟಿಮೀಟರ್ ಸಂದಿ ಇದ್ರ ಡ್ವಾರ್ಫ್ ಅನ್ನೋ ಆ ಸಣ್ಣ ಜಾತಿ ತಲಿ ತೂರಿಸಿ ಹೊರಗ ಬಂತು ಅಂತನ ತಿಳ್ಕೋರಿ.

ಅದರೊಳಗ ಹೊಟ್ಟು ಎಷ್ಟು ಹಾಕಬೇಕು ಅನ್ನೋದ್ರಾಗ ಎಲ್ಲಾರೂ ಎಡವತಾರ. ಕಡಿಮಿ ಅಂದ್ರ 20-25 ಸೆಂಟಿಮೀಟರ್ ಆಳ, ಅಂದ್ರ ಹತ್ರ ಹತ್ರ ಒಂದ್ ಗೇಣು. ಆಳ ಇದ್ರ ಅದು ಬಿಲ ತೋಡತೈತಿ, ಒಂದ್ ಕಡೆ ಮಲಗೋ ಖೋಲಿ, ಒಂದ್ ಕಡೆ ಕಾಳಿನ ಹಗೇವು, ಇನ್ನೊಂದ್ ಮೂಲಿ ಒಳಗ ಸಂಡಾಸ, ಎಲ್ಲಾ ಬ್ಯಾರೆ ಬ್ಯಾರೆ ಮಾಡ್ಕೊಂತೈತಿ. ಆಳ ಇಲ್ಲದ ಸಣ್ಣ ಪಂಜರದಾಗ ರಾತ್ರಿಯೆಲ್ಲಾ ಸರಳು ಕಡಕೊಂತ ಕೂಡತೈತಿ, ಅದನ್ನ ನೋಡಿ "ಹಲ್ಲು ಉಜ್ಜಾಕತ್ತೈತಿ" ಅಂತ ನಗಬ್ಯಾಡ್ರಿ, ಅದು ತ್ರಾಸ್ ಆಗೈತಿ ಅಂತ ಹೇಳೋ ಗುರ್ತು. ಸಾಮಿಲ್‌ದಾಗ ಪುಕ್ಕಟ ಸಿಗೋ ಹೊಟ್ಟು ತರಬ್ಯಾಡ್ರಿ, ಅದರಾಗ ಯಾವ ಕಟಗಿ, ಯಾವ ಕೆಮಿಕಲ್ ಅಂತ ಗೊತ್ತಾಗಂಗಿಲ್ಲ, ಧೂಳು ಬ್ಯಾರೆ. ಘಮ್ ಅಂತ ವಾಸನಿ ಬರೋ ಸೀಡರ್, ಪೈನ್ ಕಟಗಿ ಹೊಟ್ಟೂ ಉಸಿರಿಗೆ ಕೆಟ್ಟದ್ದು. ಪೇಪರ್ ಬೆಡ್ಡಿಂಗ್ ಇಲ್ಲಾ ಆಸ್ಪೆನ್ ಹೊಟ್ಟು ಆನ್‌ಲೈನ್ ಸಿಗತೈತಿ, ಅದರ ಜೋಡಿ ವಾಸನಿ ಇಲ್ಲದ ಬಿಳೇ ಟಿಶ್ಯೂ, ಅಕ್ಷರ ಅಚ್ಚಾಗದ ಖಾಕಿ ಕಾಗದ ಹರದು ಬೆರಸ್ರಿ. ಹತ್ತಿ ಮತ್ತ "ಹ್ಯಾಮ್‌ಸ್ಟರ್ ಹಾಸಿಗಿ" ಅಂತ ಮಾರೋ ಹತ್ತಿಯಂಥಾ ನಾರು ಎರಡೂ ಬ್ಯಾಡ, ನೂಲು ಕಾಲಿಗೆ ಸುತ್ತಕೊಂಡು ಕಾಲು ಕಳಕೊಳ್ಳೋ ಹಂಗ ಆಕ್ಕೈತಿ, ಗಲ್ಲದ ಚೀಲದಾಗ ಸಿಕ್ಕೊಂತೈತಿ. ದಿನಾ ಉಚ್ಚಿ ಹೊಯ್ದ ಮೂಲಿ ಅಷ್ಟ ತಗದು ಬದಲಿ ಮಾಡ್ರಿ, ಪೂರಾ ಒಮ್ಮಿಗೆ ಖಾಲಿ ಮಾಡಿ ತೊಳದ್ರ ಅದರ ವಾಸನಿ ಎಲ್ಲಾ ಹೋಗಿ ಪ್ರಾಣಿ ಗಾಬರಿ ಆಕ್ಕೈತಿ.

ಚಕ್ರದ ಮಾತು ಸಣ್ಣದಲ್ಲ. ಹ್ಯಾಮ್‌ಸ್ಟರ್ ಒಂದ್ ರಾತ್ರ್ಯಾಗ ಕಿಲೋಮೀಟರ್‌ಗಟ್ಲೆ ಓಡತೈತಿ. ಸಿರಿಯನ್‌ಗೆ 28 ಸೆಂಟಿಮೀಟರ್, ಡ್ವಾರ್ಫ್‌ಗೆ 20 ಸೆಂಟಿಮೀಟರ್ ಅಗಲದ ಚಕ್ರ ಬೇಕು, ಓಡೋ ಜಾಗ ಸಪಾಟ್ ಇರಬೇಕು, ತಂತಿ ತಂತಿ ಇದ್ರ ಕಾಲು ಸಿಕ್ಕಿ ಮುರೀತೈತಿ. ಓಡೋವಾಗ ಬಾಜೂಲಿಂದ ನೋಡ್ರಿ, ಬೆನ್ನು ನೆಟ್ಟಗ ಇದ್ರ ಚಕ್ರ ಸರಿ, ಬೆನ್ನು ಬಿಲ್ಲಿನಂಗ ಹಿಂದ ಬಾಗಿದ್ರ ಚಕ್ರ ಸಣ್ಣದು. ಪ್ಲಾಸ್ಟಿಕ್ ಚೆಂಡಿನೊಳಗ ಹಾಕಿ ಮನಿತುಂಬ ಉರಳಿಸೋ ಆಟಿಗಿ ತರಬ್ಯಾಡ್ರಿ, ಗಾಳಿ ಇಲ್ಲ, ದಾರಿ ಕಾಣಂಗಿಲ್ಲ, ಗ್ವಾಡಿಗೆ ಬಡಕೊಂತ ಹೋಗತೈತಿ, ಅದು ಆಟ ಅಲ್ಲ ಗಾಬರಿ.

ಇಷ್ಟೆಲ್ಲಾ ತಯಾರಾದ ಮ್ಯಾಲ ಯಾವ ಜಾತಿ ಅನ್ನೋ ಪ್ರಶ್ನೆ. ಮೊದಲ ಸಲ ಸಾಕೋ ಹುಡುಗ್ರಿಗೆ ಸಿರಿಯನ್ ಚಲೋ ಅಂತೀನಿ. 15 ಸೆಂಟಿಮೀಟರ್ ಸುಮಾರ್ ಉದ್ದ ಬೆಳೀತೈತಿ, ಕೈಯಾಗ ಹಿಡಿಯಾಕ ಮೈ ಐತಿ, ನಿಧಾನ ನಡೀತೈತಿ, ತಾಳ್ಮಿಲೆ ರೂಢಿ ಮಾಡಿದ್ರ ಕೈ ಗುರ್ತ ಹಿಡೀತೈತಿ. ಡ್ವಾರ್ಫ್ ಅಂದ್ರ ಕ್ಯಾಂಪ್‌ಬೆಲ್, ವಿಂಟರ್ ವೈಟ್ ಇವು 8-10 ಸೆಂಟಿಮೀಟರ್, ಚುರುಕು, ಬೆರಳ ಸಂದಿಲೆ ಜಾರತಾವ, ಅಂಗಡ್ಯಾಗಿನವು ಎರಡೂ ಕೂಡಿದ ಮಿಶ್ರ ತಳಿ ಇರೋದೂ ಐತಿ, ಇವಕ್ಕ ಸಕ್ಕರಿ ಕಾಯಿಲೆ ಲಗೂನ ಬರ್ತೈತಿ. ರೊಬೊರೊವ್‌ಸ್ಕಿ ಎಲ್ಲಾಕ್ಕಿಂತ ಸಣ್ಣದು, 5 ಸೆಂಟಿಮೀಟರ್ ಅಷ್ಟ, 20-25 ಗ್ರಾಂ ತೂಕ, ಮಿಂಚಿನಂಗ ಓಡತೈತಿ, ಅದು ಮುಟ್ಟೋ ಪ್ರಾಣಿ ಅಲ್ಲ ನೋಡೋ ಪ್ರಾಣಿ. ಶಾಂತ ಕುಂತು ನೋಡೋ ಗುಣ ನಿಮ್ಮ ಮಗಳಿಗಿದ್ರ ರೊಬೊ ಅಷ್ಟು ಖುಷಿ ಕೊಡೋದು ಇನ್ನೊಂದಿಲ್ಲ, ಎತ್ತಿ ಮುದ್ದಾಡಬೇಕು ಅನ್ನೋ ಮಗಗ ಅದನ್ನ ಕೊಟ್ರ ಇಬ್ಬರಿಗೂ ತ್ರಾಸ್.

ಮತ್ತ ಒಂದ್ ಅಂದ್ರ ಒಂದ. "ಜೋಡಿ ತಗೋರಿ, ಒಂಟಿ ಇದ್ರ ಬ್ಯಾಸರ ಆಕ್ಕೈತಿ" ಅನ್ನೋ ಮಾತು ಕೇಳಬ್ಯಾಡ್ರಿ. ಸಿರಿಯನ್ ಆರೇಳು ವಾರ ದಾಟಿದ್ರ ಇನ್ನೊಂದು ಸಿರಿಯನ್ ಕಂಡ್ರ ಆಗಂಗಿಲ್ಲ, ರಾತ್ರೋರಾತ್ರಿ ಕಡದಾಡಿ ಒಂದು ಸಾಯೋ ತನಕ ಹೋಗತೈತಿ. ಡ್ವಾರ್ಫ್‌ಗಳು ಒಮ್ಮೊಮ್ಮೆ ಜೋಡಿ ಇರ್ತಾವ, ಆದ್ರ ಯಾವಾಗ ಜಗಳ ಹತ್ತತೈತಿ ಹೇಳಾಕ ಬರಂಗಿಲ್ಲ, ಹುಡುಗ್ರ ಮನಿಗೆ ಆ ಗೊಡವಿ ಬ್ಯಾಡ. ಗಂಡು-ಹೆಣ್ಣು ಕೂಡಿಸಿಟ್ರ ಅಂತೂ ಮುಗೀತು, ಸಿರಿಯನ್ ಬಸುರಿ ಇರೋದು ಬರೇ 16 ದಿನ, ಒಮ್ಮಿಗೆ ಆರೆಂಟು ಮರಿ, ಅವು ಒಂದೂವರಿ ತಿಂಗಳಾಗೋದ್ರೊಳಗ ತಾವೂ ಮರಿ ಹಾಕಾಕ ತಯಾರ.

ಅಂಗಡಿಗೆ ಸಂಜಿ ಆರರ ಮ್ಯಾಲ ಹೋಗ್ರಿ, ಹಗಲ ಹೋದ್ರ ಎಲ್ಲಾ ಗುಂಪಾಗಿ ಮಲಗಿರ್ತಾವ, ಜಡ್ಡ್ ಯಾವುದು ನಿದ್ದಿ ಯಾವುದು ತಿಳಿಯಂಗಿಲ್ಲ. 2018ರ ಪೆಟ್ ಶಾಪ್ ನಿಯಮದ ಪ್ರಕಾರ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿ ಒಳಗ ನೋಂದಣಿ ಆಗಿರಬೇಕು, ಆ ನಿಯಮದಾಗ ಹ್ಯಾಮ್‌ಸ್ಟರ್ ಹೆಸರೂ ಐತಿ, ಸರ್ಟಿಫಿಕೇಟ್ ಕೇಳ್ರಿ, ಕೇಳೋದ್ರಾಗ ನಾಚಿಕಿ ಏನೂ ಇಲ್ಲ. ಹ್ಯಾಮ್‌ಸ್ಟರ್ ಸಾಕೋದು ಕಾನೂನಿಗೆ ಅಡ್ಡಿ ಇಲ್ಲ. ಅದ ಅಂಗಡ್ಯಾಗ ನಮ್ಮ ಹಸರ ಗಿಳಿ, ನಕ್ಷತ್ರ ಆಮಿ ಗುಟ್ಟಾಗಿ ತೋರಿಸಿದ್ರ ಅಲ್ಲಿಂದ ಎದ್ದು ಬರ್ರಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅವನ್ನ ಮಾರೋದೂ ಅಪರಾಧ, ಸಾಕೋದೂ ಅಪರಾಧ.

ಪ್ರಾಣಿ ನೋಡೋದು ಹಿಂದಿನಿಂದ ಶುರು ಮಾಡ್ರಿ. ಬಾಲದ ಸುತ್ತ ಒಣ ಇರಬೇಕು. ತೋದಿದ್ರ, ಕೊಳಿ ವಾಸನಿ ಇದ್ರ ಅದು ವೆಟ್ ಟೇಲ್, ಸಣ್ಣ ಮರಿಗಳಿಗೆ ತಾಯಿ ಬಿಡಿಸಿದ ಹೊತ್ತಿಗೆ ಬರೋ ಭೇದಿ, ಎರಡ್ ದಿನದಾಗ ಸಾಯಿಸತೈತಿ. ಆ ಪಂಜರದಾಗ ಒಂದಕ್ಕ ಇದ್ರೂ ಉಳದದ್ದ್ಯಾವುದನ್ನೂ ತರಬ್ಯಾಡ್ರಿ, ಚಂದ ಕಂಡ್ರೂ ಬ್ಯಾಡ, ಪಾಪ ಅನಿಸಿದ್ರೂ ಬ್ಯಾಡ. ಆಮ್ಯಾಲ ಕಣ್ಣು ಪೂರಾ ತೆರದು ಹೊಳೀತಾವೋ, ಮೂಗಿಗೆ ಹಕ್ಕಳಿ ಐತೋ, ಮ್ಯಾಲಿನ ಕೆಳಗಿನ ಹಲ್ಲು ಕೂಡತಾವೋ ನೋಡ್ರಿ. ಕಿವಿ ಹತ್ರ ಹಿಡದು ಕೇಳ್ರಿ, ಉಸಿರಿನ್ಯಾಗ ಟಿಕ್ ಟಿಕ್ ಸಪ್ಪಳ ಬಂದ್ರ ಪುಪ್ಪಸದ ಜಡ್ಡು. ಒಂದ ಜಾಗದಾಗ ಗಿರಗಿರ ತಿರಗೋ ಡ್ವಾರ್ಫ್ ನೋಡಿ ಹುಡುಗ್ರು ಡ್ಯಾನ್ಸ್ ಅಂತಾರ, ಅದು ನರದ ದೋಷ. ಆದ್ರ ಸಿರಿಯನ್ ಸೊಂಟದ ಎರಡೂ ಬಾಜೂಕ ಕರೇ ಚುಕ್ಕಿ ಕಂಡ್ರ ಅಂಜಬ್ಯಾಡ್ರಿ, ಅದು ವಾಸನಿ ಗ್ರಂಥಿ, ಡ್ವಾರ್ಫ್‌ಗೆ ಹೊಟ್ಟಿ ನಡು ಒಂದ ಇರ್ತೈತಿ, ಗಾಯ ಅಂತ ತಿಳಕೊಂಡು ಮುಲಾಮ್ ಹಚ್ಚೋವ್ರೂ ಅದಾರ.

ಕೈ ನಿಧಾನ ಒಳಗ ಇಡಾಕ ಹೇಳ್ರಿ ಅಂಗಡ್ಯಾವ್ರಿಗೆ. ಬಂದು ಮೂಸಿ ನೋಡಿ ಸರಿಯೋದು ಚಲೋ ಪ್ರಾಣಿ. ಮಲಕೊಂಡು ಹೊಟ್ಟಿ ಮ್ಯಾಲ ಮಾಡಿ ಕಿರಚೋದು ಭಾಳ ಅಂಜೈತಿ. ಒಂದ್ ಸೂರ್ಯಕಾಂತಿ ಬೀಜ ಕೊಟ್ಟು ನೋಡ್ರಿ, ಆರೋಗ್ಯ ಇದ್ದದ್ದು ಮುಂಗಾಲಿಲೆ ಹಿಡದು, ಅಡ್ಡ ಇದ್ದದ್ದನ್ನ ಉದ್ದ ಮಾಡ್ಕೊಂಡು, ಗಲ್ಲದೊಳಗ ಹಾಕ್ಕೊಂಡು ಮತ್ತೊಂದಕ್ಕ ಮುಖ ಎತ್ತತೈತಿ. ಗಲ್ಲದ ಚೀಲ ಹೆಗಲ ತನಕ ಹಿಂದ ಹೋಗಿರ್ತೈತಿ, ನಾಕೈದು ಬೀಜ ಆಗೋದ್ರಾಗ ಮುಖ ಅಗಲ ಆಗಿ ಕುತಗಿನ ಕಾಣಂಗಿಲ್ಲ, ಆಮ್ಯಾಲ ಮೂಲಿಗೆ ಹೋಗಿ ಎರಡೂ ಕೈಲೆ ಗಲ್ಲ ಹಿಂದಿಂದ ಮುಂದಕ್ಕ ಒತ್ತಿ ಒತ್ತಿ ಒಂದೊಂದ ಹೊರಗ ಹಾಕತೈತಿ. ಹುಡುಗ್ರಿಗೆ ಅಲ್ಲೇ ಗೊತ್ತಾಗಿಬಿಡತೈತಿ ಯಾವುದು ತಮ್ಮದು ಅಂತ.

ಗಂಡೋ ಹೆಣ್ಣೋ ಅನ್ನೋದಕ್ಕ ಅಷ್ಟು ತಲಿ ಕೆಡಸ್ಕೋಬ್ಯಾಡ್ರಿ, ಒಂದ ಸಾಕೋದಾದ್ರ ಎರಡೂ ಚಲೋ. ಸಿರಿಯನ್ ಹೆಣ್ಣು ಸ್ವಲ್ಪ ದೊಡ್ಡದು, ನಾಕು ದಿನಕ್ಕೊಮ್ಮೆ ಬೆದಿಗೆ ಬಂದಾಗ ಸ್ವಲ್ಪ ವಾಸನಿ ಬರ್ತೈತಿ, ಇಷ್ಟ ಫರಕು. ಗಂಡು ಹೆಣ್ಣು ಕೂಡಿಸಿಟ್ಟ ಪಂಜರದಿಂದ ಹೆಣ್ಣು ತಂದ್ರ ಮಾತ್ರ ಅದು ಬಸುರಿ ಇರಬಹುದು ಅಂತ ತಿಳಕೊಂಡ ತರ್ರಿ. ಗದಗ, ಹಾವೇರಿ, ರಾಣೇಬೆನ್ನೂರು ಕಡೆಯವ್ರು ಹುಬ್ಬಳ್ಳಿಯಿಂದ ಒಯ್ಯೋದಾದ್ರ ಸಂಜಿ ಬಸ್ಸಿಗೆ ಇಲ್ಲಾ ಬೆಳಗಿನ ಬಸ್ಸಿಗೆ ಹೋಗ್ರಿ, ತೂತು ಮಾಡಿದ ಡಬ್ಬಿ ಒಳಗ ಹೊಟ್ಟು ತುಂಬಿ ನೀರಿನ ಬದಲಿ ಒಂದ್ ಹೋಳು ಸವತಿಕಾಯಿ ಹಾಕ್ರಿ. ಪಾರ್ಸಲ್‌ನ್ಯಾಗ ಜೀವಂತ ಪ್ರಾಣಿ ಕಳಿಸ್ತೀನಿ ಅನ್ನೋವ್ರ ಕಡೆ ತಗೋಬ್ಯಾಡ್ರಿ.

ಊಟಕ್ಕ ನಮ್ಮ ಸೀಮಿ ಭಾಳ ಅನುಕೂಲ. ಹ್ಯಾಮ್‌ಸ್ಟರ್ ಪೆಲೆಟ್, ಅಂದ್ರ ಗುಳಿಗಿಯಂಥಾ ರೆಡಿ ತಿನಿಸು, ಮುಖ್ಯ ಊಟ, 16-18 ಪರ್ಸೆಂಟ್ ಪ್ರೋಟೀನ್ ಇರೋದು ನೋಡಿ ತಗೋರಿ, ಅದರ ಜೋಡಿ ಜ್ವಾಳ, ಸಜ್ಜಿ, ನವಣಿ, ಗೋಧಿ ಒಂದೊಂದ್ ಚಿಟಿಕಿ. ಎಲ್ಲಾ ಕೂಡಿ ಡ್ವಾರ್ಫ್‌ಗೆ ದಿನಕ್ಕ ಒಂದ್ ಟೀ ಚಮಚಾ, ಸಿರಿಯನ್‌ಗೆ ಎರಡು ಮೂರು. ಸೂರ್ಯಕಾಂತಿ, ಶೇಂಗಾ ಬರೇ ಎಣ್ಣಿ, ದಿನಕ್ಕ ಒಂದೆರಡ್ ಕಾಳು ಕೈಲೆ ಕೊಡಾಕ ಅಷ್ಟ ಇರ್ಲಿ. ಸವತಿಕಾಯಿ, ಮೆಂತೆ ಸೊಪ್ಪು ಉಗುರಿನಷ್ಟು, ಗಜ್ಜರಿ ಅದಕ್ಕೂ ಕಡಿಮಿ, ವಾರಕ್ಕೊಮ್ಮೆ ಕುದಿಸಿದ ತತ್ತಿ ಬಿಳಿ ಭಾಗ ಕಡ್ಲಿಕಾಳಿನಷ್ಟು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಿತ್ತಳಿ-ಮೋಸಂಬಿ, ಹಸೀ ಆಲೂಗಡ್ಡಿ, ಚಾಕೊಲೇಟ್ ಎಂದೂ ಕೊಡಬಾರದು. ಮನಿಗೆ ಬಂದ ನೆಂಟರು ಪ್ರೀತಿಲೆ ಪೇಢಾ ಚೂರು, ಚುನಮರಿ ಹಾಕಾಕ ಬರ್ತಾರ, ಕೈ ಹಿಡದು ಬ್ಯಾಡ ಅನ್ರಿ. ಹಲ್ಲು ಸಾಯೋ ತನಕ ಬೆಳಕೊಂತ ಇರ್ತಾವ, ಔಷಧಿ ಹೊಡಿಯಲಾರದ ಪೇರಲ ಗಿಡದ ಒಣ ಟೊಂಗಿ ಕಡ್ಯಾಕ ಇಡ್ರಿ.

ಮನ್ಯಾಗಿನ ಅಪಾಯದಾಗ ಒಂದ್ ಹೇಳಲೇಬೇಕು. ಇಲಿ ಪಾಷಾಣ, ಇಲಿ ಅಂಟಿನ ಹಲಗಿ ಎಲ್ಲಿ ಇಟ್ಟೀರಿ ಅಂತ ಹುಡುಕಿ ಎಲ್ಲಾ ತಗದ್ಹಾಕ್ರಿ, ಯಾಕಂದ್ರ ಒಂದಲ್ಲಾ ಒಂದ್ ರಾತ್ರಿ ಇದು ತಪ್ಪಿಸಿಕೊಂಡು ಕಪಾಟಿನ ಹಿಂದ ಹೊಕ್ಕೇ ಹೊಗತೈತಿ. ಹಿರಿಯರಿಗೂ ಮೊದ್ಲ ತೋರಿಸಿಡ್ರಿ, ಕತ್ತಲದಾಗ ಆಯಿ ಇಲಿ ಅಂತ ತಿಳಕೊಂಡು ಕಸಬರಗಿ ಎತ್ತಬಾರದು. ತಪ್ಪಿಸಿಕೊಂಡ್ರ ಎಲ್ಲಾ ಖೋಲಿ ಬಾಗಲಾ ಹಾಕಿ, ಒಂದೊಂದ್ ಖೋಲಿ ಗ್ವಾಡಿ ಬದಿ ಕಾಳು ಎಣಿಸಿ ಇಟ್ಟು, ಲೈಟ್ ಆರಿಸಿ ಸುಮ್ನ ಕುಂದರ್ರಿ, ಯಾವ ಖೋಲಿ ಕಾಳು ಕಡಿಮಿ ಆಗಾವ ಅಲ್ಲೇ ಐತಿ ಅಂತ.

ಡಾಕ್ಟರ್ ವಿಚಾರ ತರೋ ಮೊದ್ಲನ ಬಗಿಹರೀಬೇಕು. ನಮ್ಮ ಕಡೆ ಪಶು ಡಾಕ್ಟರ್‌ರು ಹೆಚ್ಚಿಗೆ ಎತ್ತು, ಎಮ್ಮಿ, ನಾಯಿ ನೋಡ್ತಾರ, ಹ್ಯಾಮ್‌ಸ್ಟರ್ ನೋಡ್ತೀರೇನ್ರಿ ಅಂತ ಫೋನ್ ಮಾಡಿ ಕೇಳಿ ನಂಬರ್ ಬರದಿಡ್ರಿ. ಗದಗದಾಗ ವೆಟರ್ನರಿ ಕಾಲೇಜ್ ಐತಿ, ಅಲ್ಲೂ ವಿಚಾರಿಸ್ರಿ. ಮನ್ಯಾಗ ಮಕ್ಕಳಿಗೆ ತಂದ ಆ್ಯಂಟಿಬಯೋಟಿಕ್ ಉಳದೈತಿ ಅಂತ ಅದನ್ನ ಮಾತ್ರ ಕೊಡಬ್ಯಾಡ್ರಿ, ಪೆನ್ಸಿಲಿನ್, ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್ ಹ್ಯಾಮ್‌ಸ್ಟರ್ ಕರುಳಿನ ಒಳ್ಳೇ ಜೀವಾಣು ಕೊಂದು ಪ್ರಾಣಾನ ತಗೀತಾವ, ನಮಗ ಔಷಧಿ ಆದದ್ದು ಅದಕ್ಕ ವಿಷ. ಡಾಕ್ಟರ್ ಬರದ್ರೂ "ಸರ್ ಇದು ಹ್ಯಾಮ್‌ಸ್ಟರ್‌ಗೆ ನಡೀತೈತೇನ್ರಿ" ಅಂತ ಒಂದ್ ಮಾತು ಕೇಳ್ರಿ.

ಮನಿಗೆ ತಂದ ಮೊದಲ ಮೂರ್ನಾಕು ದಿನ ಕಾಳು, ನೀರು ಇಟ್ಟು ಬಿಟ್ಟುಬಿಡ್ರಿ, ಓಣಿ ಹುಡುಗ್ರನ್ನೆಲ್ಲಾ ಕರಕೊಂಡ್ ಬಂದು ತೋರಿಸೋದು ಬ್ಯಾಡ. ಆಮ್ಯಾಲ ದಿನಾ ರಾತ್ರಿ ಅದು ಎದ್ದ ಹೊತ್ತಿಗೆ ಮಗಳು ಬಾಜೂಕ ಕುಂತು ಸಣ್ಣ ದನೀಲೆ ಮಾತಾಡ್ಲಿ, ಆಮ್ಯಾಲ ಅಂಗೈ ಮ್ಯಾಲ ಬೀಜ ಇಟ್ಟು ಗೂಡಿನ್ಯಾಗ ಕೈ ಅಲುಗಾಡಿಸದ ಇಡ್ಲಿ. ತಾನ ಹತ್ತಿ ಬರಬೇಕು, ಮ್ಯಾಲಿಂದ ಹಿಡದು ಎತ್ತಬಾರದು, ಮ್ಯಾಲಿಂದ ಬರೋ ಕೈ ಅದಕ್ಕ ಹದ್ದಿನಂಗ ಕಾಣತೈತಿ. ಎತ್ತೋದು ರೂಢಿ ಆದ ಮ್ಯಾಲೂ ನೆಲದ ಮ್ಯಾಲ ಕುಂತನ ಎತ್ತಬೇಕು, ನಿಂತು ಬ್ಯಾಡ, ಮಂಚದ ಮ್ಯಾಲೂ ಬ್ಯಾಡ. ಎರಡ್ ವಾರಕ್ಕ ಕೈ ಹತ್ತೋದೂ ಐತಿ, ಎರಡ್ ತಿಂಗಳು ತಗೊಳ್ಳೋದೂ ಐತಿ, ಅವಸರ ಮಾಡಿದಷ್ಟು ತಡ ಆಕ್ಕೈತಿ.

ಕೈ ಹತ್ತಿದ ಮ್ಯಾಲ ಅಡಗಿಮನಿ ಡಿಜಿಟಲ್ ತಕ್ಕಡಿ ಮ್ಯಾಲ ಒಂದ್ ಬಟ್ಲ ಇಟ್ಟು ವಾರಕ್ಕೊಮ್ಮೆ, ರವಿವಾರ ರಾತ್ರಿ ಅಂತ ಇಟ್ಕೋರಿ, ತೂಕ ಮಾಡಿ ಒಂದ್ ನೋಟ್‌ಬುಕ್‌ನ್ಯಾಗ ತಾರೀಖ್ ಹಾಕಿ ಬರೀಲಿ, ಈ ಕೆಲಸ ಪೂರಾ ಹುಡುಗ್ರದ ಇರ್ಲಿ. ಹ್ಯಾಮ್‌ಸ್ಟರ್ ತನ್ನ ಜಡ್ಡು ಮುಚ್ಚಿಡತೈತಿ, ಕಣ್ಣಿಗೆ ಕಾಣೋದ್ರೊಳಗ ತಕ್ಕಡ್ಯಾಗ ಕಾಣತೈತಿ. 120 ಗ್ರಾಂ ಇದ್ದದ್ದು ಒಂದ್ ವಾರದಾಗ 108ಕ್ಕ ಇಳೀತು ಅಂದ್ರ, ಓಡಾಡಾಕತ್ತೈತಿ, ತಿನ್ನಾಕತ್ತೈತಿ ಅಂತ ಬಿಡಬ್ಯಾಡ್ರಿ, ಬರದಿಟ್ಟ ನಂಬರಿಗೆ ಮರುದಿನ ಮುಂಜಾನೆ ಫೋನ್ ಹಚ್ಚ್ರಿ.